ಕುಂಡದ ಹಳೆಯ ಮಣ್ಣು: ಒಂದು ಪ್ರಶ್ನೆಯ ಇತಿಹಾಸ

ಒಮ್ಮೆ ಗಿಡವನ್ನು ಬೆಳೆದ ಕುಂಡದ ಮಣ್ಣಿನಲ್ಲಿ ಮತ್ತೊಂದು ಗಿಡವನ್ನು ಬೆಳೆಸಬಹುದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ತೋಟಗಾರನಿಗೆ ಸೇರಿದ್ದು. ಆದರೆ ಮಣ್ಣು ಸತ್ತುಹೋಯಿತೆಂದು ಅದನ್ನು ಚೆಲ್ಲುವವರೂ, ಮಣ್ಣಿಗೆ ಮುಪ್ಪಿಲ್ಲವೆಂದು ಅದನ್ನೇ ಮತ್ತೆ ತುಂಬುವವರೂ, ತಮಗರಿವಿಲ್ಲದೆಯೇ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿ ನಡೆದು ಬಂದಿರುವ ಒಂದು ವಾದದಲ್ಲಿ ಒಂದೊಂದು ಪಕ್ಷವನ್ನು ಹಿಡಿದಿರುತ್ತಾರೆ. ಗಿಡ ಬೆಳೆಯುವಾಗ ಮಣ್ಣು ಕಳೆದುಕೊಳ್ಳುವುದೇನು ಎಂಬುದೇ ಆ ವಾದದ ತಿರುಳು. ಅದಕ್ಕೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸಿ, ಅವುಗಳಿಂದ ಇಂದಿನ ಬಳಕೆಗೆ ಸಿದ್ಧಿಸುವ ನಿಯಮಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ತಕ್ಕಡಿಯಿಂದ ಬಿಡಿಸಲೆಳಸಿದವರಲ್ಲಿ ಅತ್ಯಂತ ಪ್ರಸಿದ್ಧನು ಬ್ರಸೆಲ್ಸ್ ನಗರದ ವೈದ್ಯ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಅವನ ಪ್ರಯೋಗದ ವಿವರ ಅವನ ಮರಣಾನಂತರ ೧೬೪೮ರಲ್ಲಿ ಅಚ್ಚಾದ ಗ್ರಂಥದಲ್ಲಿದೆ. ಒಲೆಯಲ್ಲಿ ಒಣಗಿಸಿದ ೨೦೦ ಪೌಂಡು ಮಣ್ಣನ್ನು ಒಂದು ಮಣ್ಣಿನ ಕುಂಡದಲ್ಲಿ ತುಂಬಿ, ೫ ಪೌಂಡು ತೂಕದ ವಿಲೋ ಸಸಿಯನ್ನು ನೆಟ್ಟು, ೫ ವರ್ಷ ಕಾಲ ನೀರನ್ನಲ್ಲದೆ ಬೇರೇನನ್ನೂ ಕೊಡದೆ ಅವನು ಸಲಹಿದನು. ಕೊನೆಯಲ್ಲಿ ಮರದ ತೂಕ ೧೬೯ ಪೌಂಡು ಮತ್ತು ಸುಮಾರು ೩ ಔನ್ಸು. ಮಣ್ಣನ್ನು ಪುನಃ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದುದು ಸುಮಾರು ೨ ಔನ್ಸು ಮಾತ್ರ. ಮರದ ದೇಹವೆಲ್ಲ ನೀರಿನಿಂದಲೇ ಆಯಿತೆಂದು ಅವನು ನಿರ್ಣಯಿಸಿದನು. ಈ ನಿರ್ಣಯ ನಿಜವಾಗಿದ್ದಲ್ಲಿ ಮಣ್ಣು ಬೇರಿಗೆ ಆಸರೆಯಷ್ಟೇ. ಹಳೆಯದಕ್ಕೂ ಹೊಸದಕ್ಕೂ ಭೇದವೇ ಇರಬೇಕಾಗಿರಲಿಲ್ಲ.

ಆದರೆ ೧೬೯೯ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬಾತನು ಪುದೀನದ ಜಾತಿಯ ಗಿಡಗಳನ್ನು ಬೇರೆಬೇರೆ ನೀರಿನಲ್ಲಿಟ್ಟು ಬೆಳೆಸಿ, ಶುದ್ಧವಾದ ಮಳೆನೀರಿಗಿಂತ ಮಣ್ಣಿನ ಅಂಶ ಬೆರೆತ ನೀರಿನಲ್ಲಿಯೇ ಅವು ಹೆಚ್ಚು ಬೆಳೆಯುವುದನ್ನು ತೋರಿಸಿದನು. ೧೮೦೪ರಲ್ಲಿ ಜಿನೀವದ ಥಿಯೊಡೋರ್ ಡಿ ಸೋಸ್ಯೂರನು ಗಿಡದ ತೂಕದ ಬಹುಭಾಗ ಗಾಳಿ ನೀರುಗಳಿಂದಲೂ, ಸುಟ್ಟ ಮೇಲೆ ಉಳಿಯುವ ಬೂದಿಯ ಲವಣಗಳು ಮಣ್ಣಿನಿಂದಲೂ ಬರುವುವೆಂದು ಸ್ಥಾಪಿಸಿದನು. ಹೆಲ್ಮಾಂಟನು ಲೆಕ್ಕಕ್ಕೆ ತೆಗೆದುಕೊಳ್ಳದ ಆ ಅಲ್ಪ ನಷ್ಟಕ್ಕೆ ಅರ್ಥ ಬಂದುದು ಹೀಗೆ. ಮಣ್ಣು ಕೊಡುವುದು ಅತ್ಯಲ್ಪ. ಆದರೆ ಆ ಅತ್ಯಲ್ಪವಿಲ್ಲದೆ ಗಿಡವಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ೧೮೪೩ರಿಂದ ಇಂದಿನವರೆಗೂ ಒಂದೇ ಹೊಲದಲ್ಲಿ ಗೋಧಿಯನ್ನು ಬೆಳೆಯುತ್ತ ಬಂದಿದ್ದಾರೆ. ಗೊಬ್ಬರ ಕಾಣದ ಅಲ್ಲಿನ ತಾಕು ಈಗಲೂ ಬೆಳೆ ಕೊಡುತ್ತದೆ, ಆದರೆ ಕೃಶವಾಗಿ. ಮಣ್ಣು ಸಾಯುವುದಿಲ್ಲ, ತೆಗೆದುದನ್ನು ಹಿಂದಿರುಗಿಸದಿದ್ದರೆ ಬಡವಾಗುತ್ತದೆ.

ಇಷ್ಟರಿಂದಲೇ ಪ್ರಶ್ನೆ ಮುಗಿಯಲಿಲ್ಲ. ಹಳೆಯ ಮಣ್ಣು ಕೆಲವನ್ನು ಕಳೆದುಕೊಳ್ಳುವುದಲ್ಲದೆ ಕೆಲವನ್ನು ಕೂಡಿಸಿಕೊಳ್ಳುವುದೂ ಉಂಟೆ? ಬೇರುಗಳು ವಿಸರ್ಜಿಸುವ ವಸ್ತುಗಳೇ ಅದೇ ಜಾತಿಯ ಮುಂದಿನ ಗಿಡಕ್ಕೆ ವಿಷವಾಗುವುವೆಂದು ಡಿ ಕ್ಯಾಂಡೋಲನು ೧೮೩೨ರಲ್ಲಿ ವಾದಿಸಿದನು. ಅವನು ಹೇಳಿದ ರೂಪದಲ್ಲಿ ಆ ಮತ ನಿಲ್ಲಲಿಲ್ಲವಾದರೂ, ಅವನು ಎತ್ತಿದ ಸಂಶಯ ನಿರರ್ಥಕವಾಗಿರಲಿಲ್ಲ. ೧೯೦೯ರಲ್ಲಿ ರಾಥಮ್‌ಸ್ಟೆಡ್‌ನ ರಸೆಲ್ ಮತ್ತು ಹಚಿನ್‌ಸನ್ ಅವರು ಮಣ್ಣನ್ನು ಕಾಯಿಸಿದರೆ ಅದರ ಫಲವತ್ತು ಹೆಚ್ಚುವುದನ್ನು ಪ್ರಯೋಗಗಳಿಂದ ತೋರಿಸಿ, ಅದಕ್ಕೆ ಕಾರಣವನ್ನು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳಲ್ಲಿ ಅರಸಿದರು.

ಈ ಜ್ಞಾನವು ಕುಂಡಕ್ಕೆ ಇಳಿದುದು ೧೯೩೦ರ ದಶಕದಲ್ಲಿ. ಅಂದಿನ ಇಂಗ್ಲಿಷ್ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಮಿಶ್ರಣವನ್ನು ಬಳಸುತ್ತಿದ್ದರು. ಲಂಡನ್ನಿನ ಬಳಿಯ ಮರ್ಟನ್‌ನಲ್ಲಿದ್ದ ಜಾನ್ ಇನ್ಸ್ ಸಂಸ್ಥೆಯ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಅವರು, ತಮ್ಮ ಸಂಶೋಧನೆಯ ಸಸಿಗಳು ಸಾಯುತ್ತಿದ್ದುದರ ಕಾರಣವನ್ನು ಹುಡುಕುತ್ತ ಹೊರಟು, ಕುಂಡಗಳಿಗೆ ಒಂದೇ ಸಾಮಾನ್ಯ ಮಿಶ್ರಣವನ್ನು ರೂಪಿಸಿದರು: ೭ ಪಾಲು ಗೋಡುಮಣ್ಣು, ೩ ಪಾಲು ಪೀಟ್ ಎಂಬ ಜೌಗುನೆಲದ ಸಸ್ಯಶೇಷ, ೨ ಪಾಲು ಮರಳು, ಜೊತೆಗೆ ಅಳತೆಯ ಗೊಬ್ಬರ. ಇವುಗಳಲ್ಲಿ ಮಣ್ಣನ್ನು ಮಾತ್ರ ಮೊದಲು ಹಬೆಯಿಂದ ಕಾಯಿಸುತ್ತಿದ್ದರು. ಸುಮಾರು ೮೨ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ನಿಮಿಷ ಸಾಕು. ಅತಿಯಾಗಿ ಕಾಯಿಸಿದರೆ ಅಮೋನಿಯ ಕೂಡಿಕೊಂಡು ಸಸಿಗೆ ಹಾನಿಯಾಗುತ್ತದೆ.

ಕುಂಡವು ಹೊಲದಂತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹೊಲದ ಬೇರು ಆಳಕ್ಕೆ ಇಳಿಯಬಲ್ಲುದು. ಕುಂಡದ ಬೇರಿಗೆ ಗೋಡೆಯೇ ಎಲ್ಲೆ. ದಿನದಿನವೂ ಹೊಯ್ಯುವ ನೀರು ಪೋಷಕಾಂಶಗಳನ್ನು ತಳದ ರಂಧ್ರದಿಂದ ಕೊಚ್ಚಿಕೊಂಡು ಹೋಗುತ್ತದೆ. ಸಾವಯವ ಅಂಶ ಕರಗಿ, ಮಣ್ಣು ಕುಸಿದು, ಗಾಳಿಯಾಡದಂತೆ ಗಟ್ಟಿಯಾಗುತ್ತದೆ. ಗಡಸು ನೀರಾದರೆ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುತ್ತದೆ. ಹಿಂದಿನ ಗಿಡಕ್ಕೆ ಸೊರಗು ರೋಗವಾಗಲಿ ಬೇರುಗಂಟು ರೋಗವಾಗಲಿ ತಗುಲಿದ್ದರೆ ಅದರ ಬೀಜವೂ ಅಲ್ಲಿ ಉಳಿದಿರುತ್ತದೆ. ಆದುದರಿಂದ ಹಳೆಯ ಮಣ್ಣಿನ ದೋಷ ಒಂದಲ್ಲ, ನಾಲ್ಕು, ಪರಿಹಾರಗಳೂ ಬೇರೆಬೇರೆ.

ಮೊದಲು ಮಣ್ಣನ್ನು ಸುರಿದು, ಹೆಂಟೆಗಳನ್ನು ಒಡೆದು, ಹಳೆಯ ಬೇರುಗಳನ್ನು ಆರಿಸಬೇಕು. ಉಪ್ಪು ಕಂಡರೆ ಧಾರಾಳವಾಗಿ ನೀರು ಹಾಯಿಸಿ ಬಸಿಯಬೇಕು. ಮೂರು ಪಾಲು ಹಳೆಯ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನೋ ಎರೆಗೊಬ್ಬರವನ್ನೋ, ಮಣ್ಣು ಜಿಗುಟಾಗಿದ್ದರೆ ಸ್ವಲ್ಪ ಮರಳನ್ನೂ ಬೆರೆಸಿದರೆ ಸಾರವೂ ಸಡಿಲತೆಯೂ ಮರಳುತ್ತವೆ. ರೋಗದ ಶಂಕೆಯಿದ್ದಲ್ಲಿ ಹಬೆಯ ಯಂತ್ರ ನಮಗೆ ಬೇಕಿಲ್ಲ. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು ೧೯೭೬ರಲ್ಲಿ ಪ್ರಕಟಿಸಿದ ವಿಧಾನ ನಮ್ಮ ಬೇಸಗೆಗೆ ಚೆನ್ನಾಗಿ ಒಪ್ಪುತ್ತದೆ: ಮಣ್ಣನ್ನು ತೇವ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮುಚ್ಚಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡುವುದು. ಇದರಿಂದ ರೋಗಾಣುಗಳು ಬಹುಮಟ್ಟಿಗೆ ತಗ್ಗುತ್ತವೆ, ನಿರ್ಮೂಲವಾಗುವುದಿಲ್ಲ. ಆದುದರಿಂದ ಅಂಥ ಮಣ್ಣನ್ನು ಬೀಜದ ಮಡಿಗೆ ಬಳಸಬಾರದು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬದವಾದ್ದರಿಂದ ಒಂದರ ಹಿಂದೆ ಇನ್ನೊಂದನ್ನು ನೆಡದೆ, ಸೊಪ್ಪನ್ನೋ ಹುರುಳಿಕಾಯಿಯನ್ನೋ ಹಾಕುವುದು ಲೇಸು.

ಹಳೆಯ ಮಣ್ಣನ್ನು ಚೆಲ್ಲುವವನು ಹೊಸ ಮಣ್ಣನ್ನು ಎಲ್ಲಿಂದಲಾದರೂ ತರಲೇಬೇಕು. ನಗರದ ಕುಂಡಗಳಿಗೆ ಲಾರಿಯಲ್ಲಿ ಬರುವ ಕೆಮ್ಮಣ್ಣು ಯಾವುದೋ ಹೊಲದ ಅಥವಾ ಗುಡ್ಡದ ಮೇಲ್ಪದರವೇ ಆಗಿರುತ್ತದೆ. ಒಂದು ಅಂಗುಲ ಮೇಲ್ಮಣ್ಣು ಕೂಡಲು ಶತಮಾನಗಳೇ ಬೇಕು. ಈ ಕಾರಣದಿಂದ ಮರುಬಳಕೆಯನ್ನು ಕೇವಲ ಮಿತವ್ಯಯವೆಂದು ಎಣಿಸಲಾಗದು.

ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಹೆಲ್ಮಾಂಟನ ನಿರ್ಣಯ ತಪ್ಪಾಗಿದ್ದರೂ, ತನ್ನ ವಾದಕ್ಕೆ ಬೇಡವಾಗಿದ್ದ ಆ ೨ ಔನ್ಸನ್ನು ಅವನು ಬರೆಯದೆ ಬಿಡಲಿಲ್ಲ. ಮುಂದಿನವರು ಅವನ ದಾಖಲೆಯನ್ನು ಅವನಿಗಿಂತ ಚೆನ್ನಾಗಿ ಓದಲು ಸಾಧ್ಯವಾದುದು ಅದರಿಂದಲೇ.