ಅಗ್ಗದ ಬೆಸುಗೆ ಯಂತ್ರ: ಆಯ್ಕೆಯೂ ದೋಷಪರೀಕ್ಷೆಯೂ

ಲೋಹವನ್ನು ಲೋಹದೊಡನೆ ಒಂದುಗೂಡಿಸುವ ಕ್ರಿಯೆಗೆ ಕನ್ನಡದಲ್ಲಿ ಬೆಸುಗೆಯೆಂದು ಹೆಸರು. ಕಮ್ಮಾರನು ತಿದಿಯೊತ್ತಿ ಕಬ್ಬಿಣವನ್ನು ಕಾಸಿ, ಬಿಳಿಗಾರವನ್ನೆರಚಿ, ಸುತ್ತಿಗೆಯಿಂದ ಬಡಿದು ಸಾಧಿಸುತ್ತಿದ್ದುದನ್ನು ಇಂದು ವಿದ್ಯುತ್ತಿನ ಚಾಪವು ಕ್ಷಣಮಾತ್ರದಲ್ಲಿ ಸಾಧಿಸುತ್ತದೆ. ಬಿಳಿಗಾರವು ಕಬ್ಬಿಣದ ಮೇಲಿನ ಸುಟ್ಟ ಪೊರೆಯನ್ನು ಕರಗಿಸಿ ತೆಗೆಯುತ್ತಿದ್ದಂತೆ, ಈಗಿನ ಬೆಸುಗೆಕಡ್ಡಿಯ ಮೇಲಿನ ಲೇಪವು ಉರಿದು, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಪಾಡಿ, ಕಡೆಗೆ ಕಿಟ್ಟವಾಗಿ ಮೇಲೆ ನಿಲ್ಲುತ್ತದೆ. ಸಿಕಂದರಾಬಾದಿನ ರಾಣಿಗಂಜಿನ ಅಂಗಡಿಸಾಲುಗಳಲ್ಲಿ ಇಂಥ ಯಂತ್ರವು ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುವುದರಿಂದ, ಕಿಟಕಿಯ ಸರಳನ್ನೂ ಗೇಟಿನ ಕೀಲನ್ನೂ ತಾವೇ ಸರಿಪಡಿಸಿಕೊಳ್ಳಬಯಸುವ ಗೃಹಸ್ಥರು ಅದನ್ನು ಕೊಳ್ಳುತ್ತಾರೆ. ತಿಂಗಳೊಳಗೆ ಯಂತ್ರ ಕೆಟ್ಟಿತೆಂದು ಮೂಲೆಗಿಡುವವರೂ ಉಂಟು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ಇಲ್ಲಿ ತಿರುಗುಮುರುಗಾಗಿದೆ: ನೆಲವೇ ಡೊಂಕಾಗಿದ್ದರೂ ಬೈಗುಳ ಕುಣಿಯುವವಳಿಗೆ. ದೋಷವು ಬಹುವೇಳೆ ಇರುವುದು ಮನೆಯ ತಂತಿಯಲ್ಲಿ, ಇಲ್ಲವೆ ಕಡ್ಡಿಯಲ್ಲಿ.

ಆದುದರಿಂದ ಆಯ್ಕೆಯನ್ನು ಅಂಗಡಿಯಲ್ಲಲ್ಲ, ಮನೆಯ ಮೀಟರಿನ ಬಳಿ ಆರಂಭಿಸುವುದು ಯುಕ್ತ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಗಳು ಭಾರವಾದವು. ಅವುಗಳಲ್ಲಿ ಅನೇಕವು ಎರಡು ಫೇಸುಗಳನ್ನು ಬೇಡುವುದರಿಂದ ಮನೆಗೆ ಒಗ್ಗುವುದಿಲ್ಲ. ಏಕಫೇಸಿನ 230 ವೋಲ್ಟಿನಲ್ಲಿ ನಡೆಯುವ ಇನ್ವರ್ಟರ್ ಯಂತ್ರವೇ ಇಲ್ಲಿ ತಕ್ಕುದು. ಲೆಕ್ಕವನ್ನು ಹೀಗೆ ಮಾಡಬಹುದು. 2.5 ಮಿಲಿಮೀಟರ್ ಕಡ್ಡಿಗೆ ಸುಮಾರು 80 ಆಂಪಿಯರ್ ಬೇಕು. ಚಾಪದ ಒತ್ತಡ ಸುಮಾರು 23 ವೋಲ್ಟು. ಎಂದರೆ ಚಾಪವು ಉಣ್ಣುವುದು 1.8 ಕಿಲೋವ್ಯಾಟಿಗಿಂತ ತುಸು ಹೆಚ್ಚು. ಯಂತ್ರದೊಳಗಿನ ನಷ್ಟವನ್ನೂ, ಅಗ್ಗದ ಯಂತ್ರಗಳು ವಿದ್ಯುತ್ತನ್ನು ಸಮನಾಗಿ ಸೆಳೆಯದೆ ಅಲೆಯ ತುದಿಯಲ್ಲಿ ಮಾತ್ರ ಸೆಳೆಯುವ ಅಭ್ಯಾಸವನ್ನೂ ಕೂಡಿಸಿದರೆ, ಗೋಡೆಯ ಸಾಕೆಟ್ಟಿನಿಂದ ಸುಮಾರು 14 ಆಂಪಿಯರ್ ಹರಿಯುತ್ತದೆ. 3.15 ಮಿಲಿಮೀಟರ್ ಕಡ್ಡಿಯನ್ನು 110 ಆಂಪಿಯರಿನಲ್ಲಿ ಉರಿಸಿದರೆ ಇದೇ ಲೆಕ್ಕ 21ಕ್ಕೆ ಏರುತ್ತದೆ. ಮನೆಯ ದೊಡ್ಡ ಸಾಕೆಟ್ಟು ತಾಳುವುದು 16 ಆಂಪಿಯರ್ ಮಾತ್ರ. ಹೀಗಿರುವಾಗ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾದ 200, 250 ಎಂಬ ಅಂಕಿಗಳಿಂದ ಗೃಹಸ್ಥನಿಗೇನು ಪ್ರಯೋಜನ? ಬಲವಂತಮಾಡಿದರೆ ಎಂ.ಸಿ.ಬಿ. ಬೀಳುವುದು ಪುಣ್ಯ, ಅದು ಬೀಳದೆ ಗೋಡೆಯೊಳಗಿನ ತಂತಿ ಕಾಯುವುದು ಅಪಾಯ.

ಯಂತ್ರದ ಹಿಂಬದಿಯ ತಗಡನ್ನು ಓದುವುದು ಇದಕ್ಕಿಂತ ಲೇಸು. ಅಲ್ಲಿ ಆಂಪಿಯರಿನ ಜೊತೆಗೆ ಶೇಕಡಾ ಅಂಕಿಯೊಂದಿರುತ್ತದೆ. ಶೇಕಡಾ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ವಿಶ್ರಾಂತಿ. ಈ ಪರೀಕ್ಷೆಯನ್ನು ಅಂತರರಾಷ್ಟ್ರೀಯ ಮಾನಕದಂತೆ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಡೆಸಬೇಕು. ಇದಕ್ಕಿಂತ ತಂಪಿನಲ್ಲಿ ಪಡೆದ ಅಂಕಿಗೆ ಹೈದರಾಬಾದಿನ ಮೇ ತಿಂಗಳ ಮಾಳಿಗೆಯ ಮೇಲೆ ಬೆಲೆಯಿಲ್ಲ. ಹಳದಿ ದೀಪ ಹೊತ್ತಿ ಯಂತ್ರ ನಿಂತಿತೆಂದರೆ ಅದು ಕೆಟ್ಟಿಲ್ಲ, ಬೆವರುತ್ತಿದೆ. ಫ್ಯಾನು ತಿರುಗುತ್ತಿರಲೆಂದು ಸ್ವಿಚ್ಚನ್ನು ಆರಿಸದೆ ಕಾಯಬೇಕು.

ಇನ್ನು ಎಲ್ಲರೂ ದೂರುವ ತೊಂದರೆ, ಕಡ್ಡಿ ಅಂಟಿಕೊಳ್ಳುವುದು. ಮೊದಲು ನೋಡಬೇಕಾದುದು ಎಕ್ಸ್‌ಟೆನ್ಷನ್ ತಂತಿಯನ್ನು. 30 ಮೀಟರ್ ಉದ್ದದ, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 20 ಆಂಪಿಯರ್ ಹರಿದರೆ ಹೋಗಿಬರುವ ದಾರಿಯಲ್ಲಿಯೇ ಸುಮಾರು 15 ವೋಲ್ಟು ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ಆರಕ್ಕಿಳಿಯುತ್ತದೆ. ತಂತಿಯನ್ನು ಸುರುಳಿಯಲ್ಲಿಯೇ ಬಿಟ್ಟು ದುಡಿಸಿದರೆ ಹೊದಿಕೆ ಕರಗೀತು. ವೋಲ್ಟನ್ನು ಅಳೆಯುವುದಾದರೆ ಚಾಪ ಉರಿಯುತ್ತಿರುವಾಗಲೇ ಮತ್ತೊಬ್ಬರಿಂದ ಅಳೆಯಿಸಬೇಕು. ಬರಿದೆ ನಿಂತ ಯಂತ್ರದ ಮುಂದೆ ಎಲ್ಲ ಸಾಕೆಟ್ಟುಗಳೂ ಸಾಧುಗಳೇ. ಎರಡನೆಯದು ಅರ್ತ್ ಕ್ಲಾಂಪು: ಬಣ್ಣದ ಮೇಲೆ, ತುಕ್ಕಿನ ಮೇಲೆ ಕಚ್ಚಿದರೆ ವಿದ್ಯುತ್ ಹರಿಯದು, ಅಲ್ಲಿ ಅರದಿಂದ ಉಜ್ಜಿ ಹೊಳಪು ಕಾಣಿಸಬೇಕು. ಮೂರನೆಯದು ಮಳೆಗಾಲದಲ್ಲಿ ತೇವವುಂಡ ಕಡ್ಡಿ. ಹೊಸಬನಿಗೆ ತಕ್ಕ 6013 ಎಂಬ ಕಡ್ಡಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಸಾಕು. 7018ನ್ನು 300 ಡಿಗ್ರಿಗೂ ಮೇಲೆ ಒಣಗಿಸಬೇಕಾದುದರಿಂದ ಮನೆಗೆ ಅದರ ಗೋಜು ಬೇಡ. ಈ ಮೂರೂ ಸರಿಯಿದ್ದು, ಆಂಪಿಯರನ್ನು ಸ್ವಲ್ಪ ಏರಿಸಿಯೂ ಕಡ್ಡಿ ಅಂಟಿದರೆ ಮಾತ್ರ ಯಂತ್ರವನ್ನು ಶಂಕಿಸಬೇಕು.

ಬೆಸುಗೆಯಲ್ಲಿ ತೂತುಗಳಿದ್ದರೆ ಕಾರಣ ತೇವ, ಜಿಡ್ಡು ಅಥವಾ ಉದ್ದವಾದ ಚಾಪ. ಅಂಚು ಕೊರೆದುಹೋಗಿದ್ದರೆ ಆಂಪಿಯರ್ ಅಧಿಕ. ಸತು ಲೇಪಿಸಿದ ನಲ್ಲಿಕೊಳವೆಯ ಹೊಗೆ ಜ್ವರ ತರುತ್ತದೆ. ಲೇಪವನ್ನು ಉಜ್ಜಿ ತೆಗೆಯದೆ ಮುಟ್ಟಬಾರದು. ಕಣ್ಣಿಗೆ 10ನೆಯ ಸಂಖ್ಯೆಯ ಕಪ್ಪು ಗಾಜು ಅವಶ್ಯ, ಬಿಸಿಲುಕನ್ನಡಕ ಸಾಲದು. ಧೂಳೊರಸಲು ಯಂತ್ರವನ್ನು ಬಿಚ್ಚುವ ಉತ್ಸಾಹಿಗಳೂ ತಿಳಿದಿರಬೇಕಾದುದೊಂದುಂಟು: ಪ್ಲಗ್ಗು ಕಿತ್ತಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕ ಒತ್ತಡ ಕೆಲಕಾಲ ಉಳಿದು ಪ್ರಾಣಕ್ಕೆರವಾಗಬಲ್ಲದು.

ಎಲ್ಲವೂ ಸರಿಯಿದ್ದು, ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಟ್ಟರೆ? ಆಗ ತಪ್ಪು ಲೋಹದ ಆಯ್ಕೆಯದು. ಕಿಟಕಿಯ ಸರಳಿನ ಮೆದು ಉಕ್ಕಿನಲ್ಲಿ ಇಂಗಾಲವು ಸಾಮಾನ್ಯವಾಗಿ ಶೇಕಡಾ ಕಾಲು ಭಾಗವನ್ನು ಮೀರದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು. ಇಂಗಾಲ ಏರಿದಂತೆಲ್ಲ ಬೆಸುಗೆಯ ಬದಿ ಬೇಗನೆ ತಣಿದು, ಗಾಜಿನಂತೆ ಪೆಡಸಾಗಿ ಸೀಳುತ್ತದೆ. ಇದೇ ತೆಲಂಗಾಣದ ಕೋನಸಮುದ್ರದ ಕುಲುಮೆಗಳಲ್ಲಿ ಮೂಸೆಯಲ್ಲಿಟ್ಟು ಕರಗಿಸಿದ, ಪಶ್ಚಿಮದವರು ವೂಟ್ಜ್ ಎಂದು ಕರೆದ ಉಕ್ಕಿನಲ್ಲಿ ಅದು ಶೇಕಡಾ ಒಂದನ್ನೂ ಮೀರಿತ್ತು. ಆ ಹೆಸರಿನ ಮೂಲ ನಮ್ಮ 'ಉಕ್ಕು' ಶಬ್ದವೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಜಾರ್ಜ್ ಪಿಯರ್ಸನ್ನನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಕುರಿತು ಪ್ರಬಂಧವನ್ನೋದಿದ್ದನು. ಸ್ಪ್ರಿಂಗ್ ಪಟ್ಟಿಯನ್ನಾದರೆ ಮೊದಲೇ ಕಾಸಿಕೊಂಡು ಬೆಸೆದು, ಬಿಸಿಬೂದಿಯಲ್ಲಿ ಹೂತು ಮೆಲ್ಲನೆ ತಣಿಯಬಿಟ್ಟು ಉಳಿಸಿಕೊಳ್ಳಬಹುದು. ಮನೆತನದ ಹಳೆಯ ಕತ್ತಿ ಕಠಾರಿಗಳನ್ನು ಮಾತ್ರ ಈ ಯಂತ್ರದ ಬಳಿಗೆ ಒಯ್ಯತಕ್ಕುದಲ್ಲ.