ನಡುಗಡಲಲ್ಲಿ ನೀವಿಬ್ಬರೇ!

ಮಕ್ಕಳ ಪರೀಕ್ಷೆ ಮುಗೀಲಿ, ಅತ್ತೆಯವರ ಮಂಡಿ ಆಪರೇಷನ್ ಆಗ್ಲಿ, ಮನೆ ಸಾಲದ ಕಂತು ಸ್ವಲ್ಪ ಹಗುರಾಗ್ಲಿ... ಆಮೇಲೆ ಇಬ್ಬರೇ ಎಲ್ಲಾದ್ರೂ ಹೋಗಿಬರೋಣ ಅಂತ ಎಷ್ಟು ವರ್ಷಗಳಿಂದ ಹೇಳಿಕೊಂಡು ಬಂದಿದ್ದೀರಿ? ಹೋದರೂ ಆಗುವುದೇನು? ಬೆಳಗ್ಗೆ ಆರಕ್ಕೆದ್ದು ಟ್ಯಾಕ್ಸಿ ಹತ್ತಬೇಕು, ಸಂಜೆಯೊಳಗೆ ಒಂಬತ್ತು ಪಾಯಿಂಟ್ ನೋಡಬೇಕು, ಮರುದಿನ ಮತ್ತೆ ಸೂಟ್‌ಕೇಸ್ ಕಟ್ಟಬೇಕು. ಊರಿಗೆ ಬಂದು ಫೋಟೊ ನೋಡಿದರೆ ಇಬ್ಬರೂ ಜೊತೆಯಲ್ಲೇ ನಿಂತಿದ್ದೀರಿ. ಆದರೆ ಏನು ಮಾತಾಡಿದಿರಿ ಎಂದರೆ ಒಂದೂ ನೆನಪಿಲ್ಲ!

ಅಂಥವರಿಗೆ ಹಡಗಿನ ಪ್ರವಾಸ ಹೇಳಿ ಮಾಡಿಸಿದ ಹಾಗಿರುತ್ತದೆ. ಒಮ್ಮೆ ಕ್ಯಾಬಿನ್‌ನಲ್ಲಿ ಬಟ್ಟೆ ಜೋಡಿಸಿಟ್ಟರೆ ಮುಗಿಯಿತು, ನೀವು ಮಲಗಿದ್ದಾಗ ಊರೇ ನಿಮ್ಮ ಬಳಿ ಬರುತ್ತದೆ. ಹಾಗಂತ ಇದು ಬರೀ ಶ್ರೀಮಂತರ ಶೋಕಿಯಾಗಿ ಉಳಿದಿಲ್ಲ. 2000ದ ದಶಕದಲ್ಲೇ ಸಿಂಗಪುರದಿಂದ ಹೊರಡುತ್ತಿದ್ದ ‘ಸೂಪರ್‌ಸ್ಟಾರ್ ವರ್ಗೋ’ ಹಡಗನ್ನು ನಮ್ಮವರು ಬಹಳಷ್ಟು ಮಂದಿ ಹತ್ತಿಳಿದಿದ್ದಾರೆ. 2012ರಲ್ಲಿ ಅಲ್ಲಿ ಮರೀನಾ ಬೇ ಕ್ರೂಸ್ ಸೆಂಟರ್ ಶುರುವಾದ ಮೇಲೆ ಇನ್ನೂ ದೊಡ್ಡ ಹಡಗುಗಳು ಬರುತ್ತಿವೆ. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಮೊದಲ ಸಲ ಹೋಗುವ ದಂಪತಿಗೆ ನಾಲ್ಕು ರಾತ್ರಿಯ ಪ್ರವಾಸ ಸಾಕು. ಒಂದು ದಿನ ಮಲೇಷ್ಯಾದ ಪೆನಾಂಗ್ ದ್ವೀಪ, ಒಂದು ದಿನ ಥಾಯ್ಲೆಂಡ್‌ನ ಫುಕೆಟ್ ದ್ವೀಪ, ಮತ್ತೊಂದು ಇಡೀ ದಿನ ಬರೀ ನೀರು!

ಟಿಕೆಟ್‌ಗೆ ಮೊದಲು

‘ಅದೆಲ್ಲ ಯಜಮಾನ್ರು ನೋಡ್ಕೋತಾರೆ’ ಎಂದು ಅಡುಗೆಮನೆಗೆ ಹೋಗಿಬಿಡಬೇಡಿ. ಲೆಕ್ಕಕ್ಕೆ ನೀವೂ ಪಕ್ಕದಲ್ಲೇ ಕೂತುಕೊಳ್ಳಿ. ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆಂಬ ಲೆಕ್ಕದಲ್ಲಿ ತಲಾ ಒಬ್ಬರದು. ವಿಮಾನ, ವೀಸಾ, ವಿಮೆ ಬೇರೆ. ಬಂದರು ತೆರಿಗೆ, ಸಿಬ್ಬಂದಿಯ ಟಿಪ್ಸ್ ಅದರಲ್ಲಿ ಸೇರಿದೆಯಾ ಎಂದು ಬಾಯಿಬಿಟ್ಟು ಕೇಳಿ. ಟಿಪ್ಸ್ ಅಂದರೆ ಐವತ್ತೋ ನೂರೋ ಅಲ್ಲ. ಅಮೆರಿಕನ್ ಕಂಪನಿಗಳ ಹಡಗಿನಲ್ಲಿ ತಲಾ ದಿನಕ್ಕೆ ಹದಿನೈದು ಡಾಲರ್ ದಾಟುತ್ತದೆ.

ಕಿಟಕಿ ಇಲ್ಲದ ಒಳಕ್ಯಾಬಿನ್ ಅಗ್ಗ, ಬಾಲ್ಕನಿ ಇದ್ದರೆ ದುಬಾರಿ. ಇಡೀ ದಿನ ಹೊರಗೇ ಓಡಾಡುವವರಿಗೆ ಒಳಕ್ಯಾಬಿನ್ ಸಾಕು. ಇಬ್ಬರೇ ಕೂತು ಕಾಫಿ ಕುಡಿಯುತ್ತಾ ಕಡಲು ನೋಡಬೇಕು ಅನ್ನಿಸಿದರೆ ಶಾಪಿಂಗ್ ಖರ್ಚು ಕಡಿಮೆ ಮಾಡಿ ಬಾಲ್ಕನಿಗೆ ಹಾಕಿ. ತಲೆಸುತ್ತು, ವಾಂತಿಯ ಭಯವಿದ್ದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ. ಅಲ್ಲಿ ತುಯ್ದಾಟ ಕಡಿಮೆ. ಮಾತ್ರೆ ಯಾವುದು ಎಂದು ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿಬಿಡಿ, ಮುಖ್ಯವಾಗಿ ಬಿಪಿ, ಶುಗರ್ ಇದ್ದವರು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಫುಕೆಟ್ ಕಡೆಯ ಕಡಲು ಶಾಂತ. ಮಳೆಗಾಲದಲ್ಲಿ ಅಲೆ ಜೋರು.

ಹಡಗು ವಾಪಸ್ ಸಿಂಗಪುರಕ್ಕೇ ಬರುವುದರಿಂದ ಎರಡನೇ ಸಲ ಒಳಗೆ ಹೋಗಲು ಅವಕಾಶವಿರುವ ವೀಸಾ ಬೇಕು. ಮಲೇಷ್ಯಾ, ಥಾಯ್ಲೆಂಡ್ ಎರಡೂ 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟವು. ಇಂಥ ನಿಯಮ ಬದಲಾಗುತ್ತಲೇ ಇರುತ್ತದಾದ್ದರಿಂದ ನಿಮ್ಮ ತಾರೀಖಿಗೆ ಏನಿದೆ ಎಂದು ಬುಕಿಂಗ್ ದಿನವೇ ವಿಚಾರಿಸಿ. ಹಡಗಿನ ಹಿಂದಿನ ದಿನವೇ ಸಿಂಗಪುರ ತಲುಪಿರಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಹಡಗು ಹತ್ತಿದ ದಿನ

ಟರ್ಮಿನಲ್‌ನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವಾಗ ಸಂಜೆಯಾದರೂ ಆಗಬಹುದು. ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಒಯ್ಯಲೇಬೇಡಿ. ಬೆಂಕಿ ಅನಾಹುತದ ಭಯದಿಂದ ಅವನ್ನು ಬಾಗಿಲಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಪುಳಿಯೋಗರೆ ಡಬ್ಬಿಗೂ ಪ್ರವೇಶವಿಲ್ಲ. ಪ್ಯಾಕೆಟ್ ಒಡೆಯದ ಬಿಸ್ಕತ್ತು, ಚಕ್ಕುಲಿಗೆ ಸಾಮಾನ್ಯವಾಗಿ ತಕರಾರಿಲ್ಲ.

ಹೊರಡುವ ಮುನ್ನ ಸುರಕ್ಷತಾ ಅಭ್ಯಾಸ ಕಡ್ಡಾಯ. ಸೈರನ್ ಕೂಗಿದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಎಂದು ತೋರಿಸುತ್ತಾರೆ. ‘ನೀವು ನೋಡ್ಕೊಂಡು ಬನ್ನಿ, ನಾನು ಬಟ್ಟೆ ಜೋಡಿಸ್ತೀನಿ’ ಅನ್ನಬೇಡಿ. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತರು. ಆಗ ಹಡಗಿಗೆ ಅದೇ ದಿನ ಹತ್ತಿದ್ದ ಬಹಳ ಮಂದಿಗೆ ಆ ಅಭ್ಯಾಸವೇ ಆಗಿರಲಿಲ್ಲ. ಅಪಾಯದ ಹೊತ್ತಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಇರಬಹುದು. ದಾರಿ ಇಬ್ಬರಿಗೂ ಗೊತ್ತಿರಲೇಬೇಕು.

ದ್ವೀಪದ ದಿನ

ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟ್ಟೆನ್‌ಹ್ಯಾಮ್ ಕಟ್ಟೆ ಜಾರ್ಜ್‌ಟೌನ್‌ನ ಅಂಚಿನಲ್ಲೇ ಇದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಹಳೇ ಪೇಟೆಯನ್ನು ನಡೆದೇ ನೋಡಬಹುದು. ಲಿಟ್ಲ್ ಇಂಡಿಯಾದ ಬೀದಿಗೆ ಕಾಲಿಟ್ಟರೆ ಮಲ್ಲಿಗೆ ಹೂ, ಸೀರೆ ಅಂಗಡಿ, ಬಾಳೆಲೆ ಊಟ, ತಮಿಳು ಹಾಡು. ಪರದೇಶ ಅನ್ನಿಸುವುದೇ ಇಲ್ಲ! ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ್ ಗುಡಿ 1833ರದ್ದು. ಅಲ್ಲಿಂದ ಕೂಗಳತೆಯಲ್ಲೇ ಕಪಿತಾನ್ ಕೆಲಿಂಗ್ ಮಸೀದಿ, ಚೀನೀಯರ ಕರುಣಾದೇವಿಯ ಗುಡಿ. ಕಾಲುನೋವಿನವರಿಗೂ ಈ ದಿನ ಹಗುರ.

ಫುಕೆಟ್ ಹಾಗಲ್ಲ. ದೊಡ್ಡ ಹಡಗುಗಳು ಪಟೋಂಗ್ ಕೊಲ್ಲಿಯಲ್ಲಿ ಲಂಗರು ಹಾಕಿದರೆ ಸಣ್ಣ ದೋಣಿಯಲ್ಲಿ ದಡ ಸೇರಬೇಕು. ಅಲ್ಲಿ ಸರತಿ ಇರುತ್ತದೆ. ಸೀರೆಗಿಂತ ಚೂಡಿದಾರ್, ಹೀಲ್ಸ್ ಬದಲು ಪಟ್ಟಿ ಇರುವ ಚಪ್ಪಲಿ ಅನುಕೂಲ. ಎಲ್ಲವನ್ನೂ ಒಂದೇ ದಿನದಲ್ಲಿ ನೋಡುವ ಹಟ ಬೇಡ. ಪಟೋಂಗ್ ಕಡಲತೀರವೋ, ಚಲೋಂಗ್ ಬೌದ್ಧ ಗುಡಿಯ ಜೊತೆ ಹಳೇ ಫುಕೆಟ್ ಪೇಟೆಯೋ, ಒಂದನ್ನು ಆರಿಸಿಕೊಳ್ಳಿ. ಸಸ್ಯಾಹಾರಿಗಳು ‘ಜೇ’ ಅನ್ನುವ ಥಾಯ್ ಪದ ಕಲಿತಿರಿ. ಮೀನಿನ ಸಾಸ್ ಕೂಡ ಹಾಕದ ಶುದ್ಧ ಸಸ್ಯಾಹಾರ ಎಂದು ಅರ್ಥ. ಹಡಗಿನ ಊಟಕ್ಕೆ ಸಸ್ಯಾಹಾರ, ಜೈನ ಆಹಾರ ಬೇಕೆಂದು ಬುಕಿಂಗ್ ಸಮಯದಲ್ಲೇ ಬರೆಸಿ.

ಗಡಿಯಾರದ ಬಗ್ಗೆ ಹುಷಾರು. ಸಿಂಗಪುರ, ಪೆನಾಂಗ್ ಎರಡರ ಸಮಯವೂ ಒಂದೇ. ಫುಕೆಟ್ ಒಂದು ಗಂಟೆ ಹಿಂದೆ. ಮೊಬೈಲ್ ತಾನಾಗಿಯೇ ಸ್ಥಳೀಯ ಸಮಯಕ್ಕೆ ತಿರುಗಿಬಿಡಬಹುದು, ಹಡಗಿನ ಗಡಿಯಾರ ತಿರುಗದೇ ಇರಬಹುದು. ಇಳಿಯುವಾಗಲೇ ‘ಹಡಗಿನ ಸಮಯ’ ಕೇಳಿಕೊಂಡು ಕೈಗಡಿಯಾರಕ್ಕೆ ಇಟ್ಟುಕೊಳ್ಳಿ.

ಕಡಲ ದಿನ

ಇನ್ನು ನಿಜವಾದ ಪರೀಕ್ಷೆ! ಇಳಿಯಲು ಊರಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಹೋಗಬೇಕಾದ್ದು ಎಲ್ಲಿಗೂ ಇಲ್ಲ. ಬೆಳಗಿನ ತಿಂಡಿ ಮುಗಿದ ಮೇಲೆ ಇಬ್ಬರೂ ಎದುರುಬದುರು ಕೂತರೆ ಮಾತೇ ಹೊರಡದಿರಬಹುದು. ಎಷ್ಟೋ ವರ್ಷ ಫೀಸು, ಗ್ಯಾಸು, ಕೆಲಸದವಳ ರಜೆ ಇಷ್ಟನ್ನೇ ಮಾತಾಡಿದವರಿಗೆ ಅವೆಲ್ಲ ದೂರವಾದಾಗ ಏನು ಮಾತಾಡುವುದು ಎಂದೇ ತೋಚುವುದಿಲ್ಲ. ಗಾಬರಿಯಾಗಬೇಡಿ, ‘ಇವರಿಗೆ ನಾನು ಬೇಡವಾಗಿದ್ದೀನಿ’ ಎಂದು ಮುಖ ಊದಿಸಿಕೊಳ್ಳಲೂ ಬೇಡಿ. ನಾಳೆ ಮಕ್ಕಳು ಓದು, ಕೆಲಸ ಅಂತ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವುದು ಇದೇ ಇಬ್ಬರು ತಾನೇ? ಆ ದಿನಗಳ ಅಭ್ಯಾಸ ಇಲ್ಲಿಂದಲೇ ಶುರುವಾಗಲಿ.

ದಿನವಿಡೀ ಅಂಟಿಕೊಂಡಿರಬೇಕೆಂದೂ ಇಲ್ಲ. ಬೆಳಗ್ಗೆ ಅವರು ಈಜುಕೊಳಕ್ಕೆ ಹೋಗಲಿ, ನೀವು ನಿದ್ದೆ ಮಾಡಿ, ಇಲ್ಲವೇ ಒಬ್ಬರೇ ಡೆಕ್ ಸುತ್ತಿ ಬನ್ನಿ. ಮಧ್ಯಾಹ್ನ ಸೇರಿದಾಗ ಹೇಳಲು ಇಬ್ಬರ ಬಳಿಯೂ ಏನಾದರೂ ಇರುತ್ತದೆ. ಮಲಾಕ್ಕಾ ಜಲಸಂಧಿ ಲೋಕದ ಅತಿ ಗಿಜಿಗುಡುವ ಹಡಗು ದಾರಿಗಳಲ್ಲೊಂದು. ಎಣ್ಣೆ ಹಡಗು, ಸರಕಿನ ಹಡಗು ಸಾಲುಗಟ್ಟಿ ಹೋಗುವುದನ್ನು ಜೊತೆಗೆ ನೋಡುತ್ತಾ ಕೂತರೇ ಮಾತು ತಾನಾಗಿ ಬರುತ್ತದೆ.

ಒಂದು ಕಿವಿಮಾತು. ಬಫೆಯಲ್ಲಿ ಅವರ ತಟ್ಟೆಗೂ ನೀವೇ ಬಡಿಸಿ ತರಬೇಡಿ. ಮೊಸರನ್ನ ಎಲ್ಲಿದೆ ಎಂದು ಅವರೇ ಹುಡುಕಿಕೊಳ್ಳಲಿ ಬಿಡಿ! ಸಾಧ್ಯವಾದರೆ ನಿಮಗೂ ಒಂದು ಕಪ್ ಕಾಫಿ ತಂದುಕೊಡಲಿ. ಪಾತ್ರೆ ತೊಳೆಯುವುದಿಲ್ಲ, ನಾಳೆಗೆ ಏನು ತಿಂಡಿ ಎಂಬ ಯೋಚನೆಯಿಲ್ಲ. ಗೃಹಿಣಿಗೆ ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಯಾವುದಿದೆ?

ಮನೆಯವರಿಗೆ ಹಡಗಿನ ಹೆಸರು, ದಿನದ ಪಟ್ಟಿ ಬರೆದುಕೊಟ್ಟು ‘ಆ ದಿನ ಫೋನ್ ಬರಲ್ಲ, ಹೆದರಬೇಡಿ’ ಎಂದು ಮೊದಲೇ ಹೇಳಿಡಿ. ತೀರಾ ಬೇಕಿದ್ದರೆ ಹಡಗಿನ ವೈಫೈ ಒಂದೇ ಫೋನಿಗೆ ಕೊಳ್ಳಿ.

ಇವಿಷ್ಟು ನೆನಪಿರಲಿ

* ಮೊಬೈಲನ್ನು ಹಡಗಿನಲ್ಲಿ ಫ್ಲೈಟ್ ಮೋಡ್‌ಗೆ ಹಾಕಿ. ಹಡಗಿನ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ಲು ಬೆಚ್ಚಿಬೀಳಿಸುತ್ತದೆ.
* ಹಡಗಿನ ಕಾರ್ಡ್ ಉಜ್ಜಿದ್ದೆಲ್ಲಾ ಖರ್ಚೇ. ತಂಪು ಪಾನೀಯ, ಮದ್ಯ, ಫೋಟೊ, ಸ್ಪಾ, ವಿಶೇಷ ರೆಸ್ಟೋರೆಂಟ್‌ಗಳಿಗೆ ಬೇರೆ ದುಡ್ಡು. ಇಬ್ಬರೂ ಒಂದು ಮಿತಿ ಹಾಕಿಕೊಂಡು ದಿನಾ ರಾತ್ರಿ ಲೆಕ್ಕ ನೋಡಿ.
* ಹಡಗಿನ ಡಾಕ್ಟರ್ ಫೀಸು ಬಲು ದುಬಾರಿ. ಕ್ರೂಸ್‌ಗೆ ಅನ್ವಯಿಸುವ ಪ್ರಯಾಣ ವಿಮೆ ಇರಲಿ.
* ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಹೊಟ್ಟೆಯ ಸೋಂಕು ಹಡಗಿನಲ್ಲಿ ಬೇಗ ಹರಡುತ್ತದೆ.
* ಕೊನೆಯ ರಾತ್ರಿ ಸೂಟ್‌ಕೇಸ್ ಬಾಗಿಲ ಹೊರಗಿಡಲು ಹೇಳುತ್ತಾರೆ. ಬೆಳಗ್ಗೆ ಹಾಕುವ ಬಟ್ಟೆ ತೆಗೆದಿಟ್ಟುಕೊಳ್ಳಿ!
* ಪಾಸ್‌ಪೋರ್ಟ್, ವೀಸಾ, ವಿಮೆಯ ಒಂದು ಪ್ರತಿ ನಿಮ್ಮ ಬ್ಯಾಗಿನಲ್ಲೂ ಇರಲಿ.

ಮನೆ ಸಾಲ ಮುಗಿದ ಮೇಲೆ ಎಂದು ಕಾಯುತ್ತಾ ಕೂತರೆ ಮಂಡಿನೋವು ನಿಮಗೇ ಬಂದಿರುತ್ತದೆ. ಸಾಲ ಮಾಡಿ ಹೋಗಬೇಡಿ, ಆದರೆ ತಿಂಗಳಿಗಿಷ್ಟು ಅಂತ ಇಂದಿನಿಂದಲೇ ಇಬ್ಬರೂ ಸೇರಿ ಎತ್ತಿಡಿ. ಈ ಪುಟವನ್ನು ಸಂಜೆಯ ಕಾಫಿ ಜೊತೆ ಅವರ ಮುಂದೂ ಇಟ್ಟುಬಿಡಿ. ಏನಂತೀರಿ?