ಗುಳ್ಳೆ ಹೋಯ್ತು, ಮತ್ತೆ ಯಾಕೆ ಬಂತು? ಮಳೆಗಾಲದಲ್ಲಿ ನಾಯಿಯ ಚರ್ಮದ ಸೋಂಕು

ಮುಂಬೈಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಸರಿಯಾಗಿ ಒಣಗಲ್ಲ. ಇನ್ನು ದಿನಕ್ಕೆರಡು ಸಲ ನೆನೆದು ಬರೋ ನಾಯಿಯ ಮೈ ಒಣಗೋದು ಹೇಗೆ? ಹೊಟ್ಟೆ ಮೇಲೆ ಕೆಂಪು ಗುಳ್ಳೆ, ಕೂದಲು ಉದುರಿ ದುಂಡಗಿನ ಕಲೆ, ಅಂಚಿನಲ್ಲಿ ಹೊಟ್ಟು. ನೋಡಿದವರು ‘ಗಜಕರ್ಣ’ ಅಂದುಬಿಡ್ತಾರೆ.

ಎಷ್ಟೋ ಸಲ ಅದು ಗಜಕರ್ಣ ಅಲ್ಲ, ಪಯೋಡರ್ಮಾ. ಅಂದರೆ ಬ್ಯಾಕ್ಟೀರಿಯಾದಿಂದ ಆಗುವ ಚರ್ಮದ ಸೋಂಕು. ಕೀವುಗುಳ್ಳೆ ಒಡೆದ ಮೇಲೆ ಉಳಿಯೋ ಗುರುತೂ ದುಂಡಗೇ ಇರುತ್ತೆ. ಗಜಕರ್ಣ ಶಿಲೀಂಧ್ರದ್ದು, ಮನುಷ್ಯರಿಗೂ ಹರಡುತ್ತೆ. ಹಾಗಾಗಿ ಊಹೆ ಮಾಡೋದು ಬೇಡ.

ಪಯೋಡರ್ಮಾಗೆ ಸಾಮಾನ್ಯ ಕಾರಣ ಸ್ಟ್ಯಾಫಿಲೊಕಾಕಸ್ ಸೂಡಿಂಟರ್ಮೀಡಿಯಸ್. ಇದನ್ನು ಪ್ರತ್ಯೇಕ ಪ್ರಭೇದ ಅಂತ ವಿವರಿಸಿದ್ದು 2005ರಲ್ಲಿ. ನೋಡಿ, ಇದು ಹೊರಗಿಂದ ಬಂದ ಶತ್ರುವಲ್ಲ. ಆರೋಗ್ಯವಂತ ನಾಯಿಯ ಮೂಗು, ಬಾಯಿ, ಚರ್ಮದಲ್ಲೂ ಇರುತ್ತೆ. ಅಲರ್ಜಿ, ಚಿಗಟ, ಉಣ್ಣೆ, ಥೈರಾಯ್ಡ್ ಕೊರತೆ, ಸದಾ ತೇವ, ಇವುಗಳಿಂದ ಚರ್ಮದ ರಕ್ಷಣೆ ಸಡಿಲವಾದಾಗ ಒಳಗೆ ನುಗ್ಗುತ್ತೆ.

ಆಂಟಿಬಯೋಟಿಕ್ ಕೊಟ್ಟರೆ ಗುಳ್ಳೆ ಹೋಗುತ್ತೆ, ಮೂಲ ಕಾರಣ ಅಲ್ಲೇ ಉಳಿಯುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದಾಗ ಬರೀ ರೀಸ್ಟಾರ್ಟ್ ಮಾಡಿದ ಹಾಗೆ. ಸದ್ಯಕ್ಕೆ ಏಳುತ್ತೆ, ನಾಳೆ ಮತ್ತೆ ಬೀಳುತ್ತೆ.

ಪ್ರತಿ ಸಲ ಮಾತ್ರೆ ಕೊಟ್ಟಾಗಲೂ ಅದಕ್ಕೆ ಬಗ್ಗೋ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಮೆಕ್-ಎ ಅನ್ನೋ ಜೀನ್ ಇರುವ ತಳಿಗಳಲ್ಲಿ ಔಷಧ ಹಿಡಿಯಬೇಕಾದ ಪ್ರೋಟೀನೇ ಬೇರೆ. ಅವುಗಳ ಮೇಲೆ ಸೆಫಲೆಕ್ಸಿನ್, ಅಮಾಕ್ಸಿಸಿಲಿನ್ ಎರಡೂ ನಡೆಯಲ್ಲ. ಇಂಥ ತಳಿ ನಾಯಿಯಿಂದ ನಾಯಿಗೆ ಹರಡುತ್ತೆ, ಅಪರೂಪಕ್ಕೆ ಮನುಷ್ಯರಿಗೂ.

ಹಾಗಾದ್ರೆ ಏನು ಮಾಡಬೇಕು?

ಮೊದಲು ಪಶುವೈದ್ಯರಿಗೆ ತೋರಿಸಿ. ಗುಳ್ಳೆಯ ಸ್ರಾವವನ್ನು ಗಾಜಿನ ಪಟ್ಟಿಗೆ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬ್ಯಾಕ್ಟೀರಿಯಾನೋ ಯೀಸ್ಟೋ ಅನ್ನೋದು ಸ್ವಲ್ಪ ಹೊತ್ತಲ್ಲೇ ತಿಳಿಯುತ್ತೆ. ಸೋಂಕು ಮೇಲ್ಮೈಯಲ್ಲೇ ಇದ್ದರೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸಾಕಾಗಬಹುದು. ವಾರಕ್ಕೆ 2-3 ಸಲ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಆ 10 ನಿಮಿಷ ಮುಖ್ಯ, ತಕ್ಷಣ ತೊಳೆದರೆ ಪ್ರಯೋಜನ ಕಡಿಮೆ.

ಮಾತ್ರೆ ಬರೆದರೆ ಪ್ರಮಾಣವೂ ದಿನಗಳೂ ಅವರು ಹೇಳಿದಷ್ಟೇ. ನಿಲ್ಲಿಸೋ ಮುಂಚೆ ಒಮ್ಮೆ ತೋರಿಸಿ. ವಾಸಿಯಾಗದಿದ್ದರೆ ಅಥವಾ ಮತ್ತೆ ಮತ್ತೆ ಬಂದರೆ ಕಲ್ಚರ್ ಪರೀಕ್ಷೆ ಕೇಳಿ. ಯಾವ ಔಷಧ ಕೆಲಸ ಮಾಡುತ್ತೆ ಅಂತ ಅದು ಹೇಳುತ್ತೆ. ಪರೇಲ್‌ನಲ್ಲಿ 1886ರಿಂದ ವೆಟರ್ನರಿ ಕಾಲೇಜೇ ಇರುವ ಊರು ನಮ್ಮದು. ಮೆಡಿಕಲ್ ಶಾಪಿನ ಗಜಕರ್ಣದ ಟ್ಯೂಬ್ ನಾಯಿಗೆ ಬೇಡ. ಅಂಥ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಕೆಂಪು ಇಳಿಯುತ್ತೆ, ಸೋಂಕು ಉಳಿಯುತ್ತೆ. ಜೊತೆಗೆ ನಾಯಿ ಅದನ್ನು ನೆಕ್ಕುತ್ತೆ.

ವಾಕಿಂಗ್ ಮುಗಿಸಿ ಬಂದ ಮೇಲೆ ಬೆರಳ ಸಂದು, ಕಂಕುಳು, ಹೊಟ್ಟೆಯನ್ನು ಒಣ ಟವೆಲಿನಿಂದ ಒರೆಸಿ. ಒರೆಸುವಾಗಲೇ ಉಣ್ಣೆ ಇದೆಯಾ ನೋಡಿಬಿಡಿ. ಗುಳ್ಳೆ ಕಂಡರೆ ‘ಯಾವ ಮಾತ್ರೆ?’ ಅನ್ನೋದರ ಜೊತೆಗೆ ‘ಯಾಕೆ ಬಂತು?’ ಅಂತಲೂ ಡಾಕ್ಟರನ್ನ ಕೇಳಿ.